ಎತ್ತೋರು ಯಾರು?

ಕಳೆದ ವರ್ಷ ಗಣೇಶನ ಹಬ್ಬದ ಐದನೆಯ ದಿನ ನಮ್ಮ ಬೀದಿಯ ಪೆಂಡಾಲಿನಲ್ಲಿ ನಮ್ಮ ಬ್ಯಾಂಡಿನ ಕಾರ್ಯಕ್ರಮವಿತ್ತು. ಬ್ಯಾಂಡ್ ಅಂದರೆ ನಾಲ್ಕೇ ಜನ. ಹಾಡುವ ಹುಡುಗ, ಗಿಟಾರಿನವನು, ಡ್ರಮ್ಸ್ ಬಾರಿಸುವ ಹುಡುಗಿ, ನಾನು. ತತ್ವಪದ, ವಚನ, ಒಂದೆರಡು ಹಳೇ ಸಿನಿಮಾ ಹಾಡು, ನಮ್ಮವೇ ಮೂರು. ನಾನು ನುಡಿಸುವುದು ಬೇಸ್ ಗಿಟಾರ್. ಬಹಳ ಜನ ಅದನ್ನು ‘ಬಾಸ್ ಗಿಟಾರ್’ ಅನ್ನುತ್ತಾರೆ. ಮೈಸೂರಿನಲ್ಲಿ ‘ಬಾಸ್’ ಅಂದರೆ ಜನ ಬೇರೆ ಯಾರನ್ನೋ ನೆನೆಸಿಕೊಳ್ಳುವುದರಿಂದ ನಾನು ಬೇಸ್ ಎಂದೇ ಬರೆಯುತ್ತೇನೆ.

ಕಾರ್ಯಕ್ರಮ ಮುಗಿಸಿ ಮನೆಗೆ ಬಂದಾಗ ಅಪ್ಪ ಊಟಕ್ಕೆ ಕೂತಿದ್ದರು. ಪೆಂಡಾಲಿನ ಹಿಂದುಗಡೆ ಕೊನೆಯವರೆಗೂ ನಿಂತು ನೋಡಿದ್ದರಂತೆ. ಹೇಗಿತ್ತು ಅಂತ ಕೇಳಿದೆ.

“ಚೆನ್ನಾಗಿತ್ತು ಕಣಮ್ಮ. ನಿನ್ನ ಬೆರಳು ಓಡಾಡೋದು ಕಾಣುಸ್ತು. ಕೇಳೋದು ಮಾತ್ರ ಏನೂ ಕೇಳುಸ್ಲಿಲ್ಲ.”

“ನಿಮಗೆ ಯಾವುದು ತಾನೇ ಕೇಳುಸುತ್ತೆ?” ಅಂದರು ಅಮ್ಮ, ಸಾರು ಬಡಿಸುತ್ತಾ. ಅದೂ ಅವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ.

ಅಪ್ಪನಿಗೆ ಕೇಳಿಸದೇ ಇದ್ದದ್ದು ಅವರ ಕಿವಿಯ ದೋಷ ಅಂತ ಅಂದುಕೊಂಡು ನಾನು ಮಲಗಬಹುದಿತ್ತು. ಆದರೆ ನಿಜ ಏನೆಂದರೆ ಆ ಸಂಜೆ ನನಗೂ ಕೇಳಿಸಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಮನೆಯಲ್ಲಿ ಅಭ್ಯಾಸಕ್ಕೆ ಅಂತ ಕೊಂಡ 15 ವಾಟ್ಸಿನ ಪುಟ್ಟ ಡಬ್ಬ. ಡ್ರಮ್ಸ್ ಶುರುವಾದ ಕೂಡಲೇ ಅದು ಸತ್ತುಹೋಯಿತು. ಎರಡು ಗಂಟೆ ಹೊತ್ತು ನಾನು ಡ್ರಮ್ಸಿನವಳ ಬಲಗಾಲನ್ನು ನೋಡಿಕೊಂಡು, ಬೆರಳಿನ ಅಂದಾಜಿನ ಮೇಲೆ ನುಡಿಸಿದ್ದೆ. ಮಾರನೆಯ ದಿನ ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ ಕಳಿಸಿದರು. ಅದರಲ್ಲಂತೂ ನಾನು ಮೂಕಾಭಿನಯ ಮಾಡುತ್ತಿದ್ದೇನೆ.

ಆ ವಾರವೇ ತೀರ್ಮಾನ ಮಾಡಿದೆ: ವೇದಿಕೆಗೆ ಆಗುವಂಥ ಒಂದು ಆಂಪ್ಲಿಫೈಯರ್, ಅದಕ್ಕೊಂದು ಸ್ಪೀಕರ್ ಕ್ಯಾಬಿನೆಟ್ ಕೊಳ್ಳಬೇಕು. ಸಂಶೋಧನಾ ವಿದ್ಯಾರ್ಥಿಯ ಫೆಲೋಶಿಪ್ಪಿನಲ್ಲಿ ಉಳಿಸಿದ್ದು 45,000 ರೂಪಾಯಿ ಇತ್ತು. ಲ್ಯಾಪ್‌ಟಾಪ್ ಬದಲಾಯಿಸಲಿಕ್ಕೆ ಅಂತ ಇಟ್ಟಿದ್ದ ದುಡ್ಡು. ಪ್ರಬಂಧದ ಎರಡು ಅಧ್ಯಾಯ ಬಾಕಿ ಇರುವಾಗ ಹೀಗೆ ಮಾಡುವುದು ಬುದ್ಧಿವಂತಿಕೆ ಅಲ್ಲ ಅಂತ ನನಗೆ ಗೊತ್ತಿತ್ತು.

ಅಮ್ಮ ಬೇಡ ಅಂದರು. ದುಡ್ಡಿನ ಮಾತು ಎತ್ತಲೇ ಇಲ್ಲ. “ಮನೇಲಿ ಒಬ್ಬರ ಕಿವಿ ಹೋಗಿರೋದು ಸಾಲದಾ?” ಅಂದರು, ಅಷ್ಟೇ.

ಇದಕ್ಕೆ ಹಿನ್ನೆಲೆ ಹೇಳಬೇಕು. ನಮ್ಮದು ಮೈಸೂರಿನ ಹೆಬ್ಬಾಳ. ಹೊರಗಿನವರಿಗೆ ಇನ್ಫೋಸಿಸ್ ಕ್ಯಾಂಪಸ್ಸಿನಿಂದ, ಸ್ವಲ್ಪ ಮಟ್ಟಿಗೆ ಕೆರೆಯಿಂದ ಗೊತ್ತಿರುವ ಊರು. ನಮಗೆ ಅದು ಮೊದಲಿನಿಂದಲೂ ಇಂಡಸ್ಟ್ರಿಯಲ್ ಏರಿಯಾ. ಅಪ್ಪ ಇಲ್ಲಿನ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ 28 ವರ್ಷ ಕೆಲಸ ಮಾಡಿದರು. ತಗಡನ್ನು ಡೈ ಮೇಲಿಟ್ಟು ಪ್ರೆಸ್ ಇಳಿಸುವ ಕೆಲಸ. ನಿಮಿಷಕ್ಕೆ ಎಷ್ಟೋ ಸಲ, ದಿನಕ್ಕೆ ಎಂಟು ಗಂಟೆ. ಕಿವಿಗೆ ಹತ್ತಿ ಇಟ್ಟುಕೊಂಡವರನ್ನು ನೋಡಿ ಮಿಕ್ಕವರು ನಗುತ್ತಿದ್ದ ಕಾಲ. ನಿವೃತ್ತಿಗೆ ಮುಂಚೆಯೇ ಟಿವಿಯ ಸದ್ದು ಏರುತ್ತಾ ಹೋಯಿತು, ಆಮೇಲೆ ಅಪ್ಪ ಸೀರಿಯಲ್ ನೋಡುವುದನ್ನೇ ಬಿಟ್ಟರು. “ಮಾತಾಡ್ತಾರೆ ಅಂತ ಗೊತ್ತಾಗುತ್ತೆ, ಏನು ಮಾತಾಡ್ತಾರೆ ಅಂತ ಗೊತ್ತಾಗಲ್ಲ” ಅನ್ನುತ್ತಿದ್ದರು.

ನನ್ನ ವಿಭಾಗವಿರುವ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಪಕ್ಕದಲ್ಲೇ ಓದುತ್ತಿದ್ದ ನಾನು ಅಪ್ಪನನ್ನು ಕರೆದುಕೊಂಡು ಹೋಗಲು ಮೂರು ವರ್ಷ ತಗೊಂಡೆ. ಅಲ್ಲಿ ಕೊಟ್ಟ ಆಡಿಯೊಗ್ರಾಮ್ ಈಗಲೂ ನನ್ನ ಫೈಲಿನಲ್ಲಿದೆ. ಎಡಗಡೆಯಿಂದ ಬಲಗಡೆಗೆ ಸ್ವರ ಏರುತ್ತಾ ಹೋಗುತ್ತದೆ: 250 ಹರ್ಟ್ಸ್, 500, 1000, ಹೀಗೆ 8000ದವರೆಗೆ. ಅಪ್ಪನ ಗೆರೆ ಎಡಗಡೆ ಮೇಲೆಯೇ ಸಮನಾಗಿ ನಡೆದು, 2000 ದಾಟಿದ ಮೇಲೆ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. 4000ದ ಹತ್ತಿರ ತಳ. ಗದ್ದಲದಿಂದ ಕೆಟ್ಟ ಕಿವಿಯ ಗುರುತೇ ಅದು ಎಂದರು. ಸ, ಶ, ತ, ಕ ಇಂಥ ವ್ಯಂಜನಗಳು ಬದುಕುವುದು ಆ ಎತ್ತರದ ಸ್ವರಗಳಲ್ಲಿ. ಸ್ವರಾಕ್ಷರಗಳ ಮೈ ಬಹುಮಟ್ಟಿಗೆ ಕೆಳಗಿರುತ್ತದೆ. ಹಾಗಾಗಿ ಅಪ್ಪನಿಗೆ ನಮ್ಮ ಮಾತಿನ ಕಾಗುಣಿತ ಕೇಳುತ್ತದೆ, ಅಕ್ಷರ ಕೇಳುವುದಿಲ್ಲ. ಕನ್ನಡ ಎಂ.ಎ. ಮಾಡಿದವಳು ಕಾಗದದ ಮೇಲೆ ಗುಣಿತಾಕ್ಷರವನ್ನು ಒಡೆದು ನೋಡಿದ್ದೆ. ಮನೆಯಲ್ಲಿ ಅದು ಒಡೆದು ಹೋದದ್ದನ್ನು ನೋಡಿದ್ದು ಅವತ್ತೇ.

ಬೇಸ್ ಗಿಟಾರಿನ ನಾಲ್ಕು ತಂತಿಗಳ ಸ್ವರ ಸುಮಾರು 41, 55, 73, 98 ಹರ್ಟ್ಸ್. ಆ ಕಾಗದ ಶುರುವಾಗುವುದಕ್ಕೆ ಮುಂಚೆಯೇ ನನ್ನ ನಾಲ್ಕೂ ತಂತಿ ಮುಗಿದುಹೋಗುತ್ತವೆ. ಅಂದರೆ ಬ್ಯಾಂಡಿನಲ್ಲಿ ಅಪ್ಪನಿಗೆ ಪೂರ್ತಿ ಕೇಳಬೇಕಾದ ವಾದ್ಯ ಯಾವುದಾದರೂ ಇದ್ದರೆ ಅದು ನನ್ನದು. ಅದೂ ಕೇಳಿಸಿರಲಿಲ್ಲ.

ಅಮ್ಮನ ಮಾತು, ಅಪ್ಪನ ಮಾತು, ಎರಡನ್ನೂ ತಲೆಯಲ್ಲಿಟ್ಟುಕೊಂಡು ನಾನು ಸಾಮಾನು ಹುಡುಕಲು ಹೊರಟೆ. ಎರಡೂ ಒಂದಕ್ಕೊಂದು ವಿರುದ್ಧ ಅಂತಲೇ ಆಗ ನನಗೆ ಅನ್ನಿಸಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಗಿಟಾರಿನ ಆಂಪ್ಲಿಫೈಯರಿಗೆ ಬೇಸ್ ಸಿಕ್ಕಿಸಿ ಜೋರಾಗಿ ನುಡಿಸಿದರೆ ಸ್ಪೀಕರು ಹರಿಯುವ ಸಾಧ್ಯತೆ ಹೆಚ್ಚು. ಕೆಳಗಿನ ಸ್ವರ ಕೇಳಿಸಬೇಕಾದರೆ ಬಹಳ ಗಾಳಿಯನ್ನು ತಳ್ಳಬೇಕು. ಅದಕ್ಕೆ ದೊಡ್ಡ ಕೋನು, ಗಟ್ಟಿ ಪೆಟ್ಟಿಗೆ, ಹೆಚ್ಚು ಶಕ್ತಿ ಬೇಕು. ಅದು ಸಾಲದು ಅಂತ ನಮ್ಮ ಕಿವಿಯೇ ಕೆಳಗಿನ ಸ್ವರಕ್ಕೆ ಮಂದ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಇದನ್ನು ಅಳೆದು ಗೆರೆ ಎಳೆದಿಟ್ಟರು. ಒಂದೇ ಶಕ್ತಿಯ ಕೊಳಲು ಮತ್ತು ಬೇಸ್ ಎದುರಿಗಿದ್ದರೆ ಕಿವಿ ಕೊಳಲಿನ ಕಡೆಗೇ ಹೋಗುತ್ತದೆ. ಬೇಸ್ ನುಡಿಸುವವರ ಹಣೆಬರಹ ಅಲ್ಲಿಂದಲೇ ಶುರು.

ಇದರ ಚರಿತ್ರೆಯೂ ಕೇಳಿಸದವರ ಚರಿತ್ರೆಯೇ. ಜಾಜ್ ತಂಡಗಳಲ್ಲಿ ಆಳೆತ್ತರದ ಡಬಲ್ ಬೇಸ್ ಹಿಡಿದು ನಿಂತವರ ಸದ್ದು ತುತ್ತೂರಿಗಳ ನಡುವೆ ಮುಳುಗಿಹೋಗುತ್ತಿತ್ತು. ಎವರೆಟ್ ಹಲ್ ಎಂಬ ಬೇಸ್ ವಾದಕ 1940ರ ದಶಕದಲ್ಲಿ ಆ ವಾದ್ಯ ನೆಲಕ್ಕೂರುವ ಗೂಟದೊಳಗೆ ಒಂದು ಮೈಕು ಇಟ್ಟ. ‘ಆಂಪ್ಲಿಫೈಡ್ ಪೆಗ್’ ಎಂಬ ಆ ಗೂಟವೇ ‘ಆಂಪೆಗ್’ ಕಂಪನಿಯ ಹೆಸರಾಯಿತು. 1951ರಲ್ಲಿ ಲಿಯೊ ಫೆಂಡರ್ ‘ಪ್ರಿಸಿಷನ್ ಬೇಸ್’ ಎಂಬ ಹೆಗಲಿಗೆ ಹಾಕಿಕೊಳ್ಳುವ ಬೇಸ್ ತಂದ, ಮರುವರ್ಷ ಅದಕ್ಕೆಂದೇ ‘ಬೇಸ್‌ಮನ್’ ಎಂಬ ಆಂಪ್ಲಿಫೈಯರ್ ಬಂತು. ತಮಾಷೆ ಏನೆಂದರೆ ಬೇಸ್‌ಮನ್ನನ್ನು ಬೇಸಿನವರಿಗಿಂತ ಗಿಟಾರಿನವರೇ ಹೆಚ್ಚು ಪ್ರೀತಿಸಿದರು. ಲಂಡನ್ನಿನ ಜಿಮ್ ಮಾರ್ಷಲ್ ತನ್ನ ಮೊದಲ ಆಂಪ್ಲಿಫೈಯರನ್ನು ಮಾಡಿದ್ದು ಅದರ ಸರ್ಕ್ಯೂಟನ್ನು ಅನುಸರಿಸಿಯೇ. ನಮಗೆ ಅಂತ ಮಾಡಿದ್ದನ್ನೂ ಗಿಟಾರಿನವರು ಎತ್ತಿಕೊಂಡು ಹೋದರು ಅಂತ ನಮ್ಮ ಗಿಟಾರಿನವನಿಗೆ ಆಗಾಗ ಹೇಳುತ್ತಿರುತ್ತೇನೆ.

1969ರಲ್ಲಿ ಆಂಪೆಗ್‌ನವರು 300 ವಾಟ್ಸಿನ ಎಸ್‌ವಿಟಿ ಮಾಡಿದರು. ಅದರ ಜೊತೆಗೆ ಹತ್ತು ಇಂಚಿನ ಎಂಟು ಸ್ಪೀಕರುಗಳ ಕ್ಯಾಬಿನೆಟ್ಟು. ನೋಡಲು ಹಾಗೇ ಇರುವುದರಿಂದ ಅದಕ್ಕೆ ಫ್ರಿಜ್ ಅಂತಲೇ ಅಡ್ಡಹೆಸರು. 60 ಕಿಲೋ ದಾಟುವ ಪೆಟ್ಟಿಗೆ. ಹದಿನೆಂಟನೇ ವಯಸ್ಸಿನಿಂದ ನನ್ನ ಕನಸಿನಲ್ಲಿ ಬರುತ್ತಿದ್ದದ್ದು ಅದೇ. ಕನಸಿನಲ್ಲಿ ಯಾವತ್ತೂ ನಾನು ಅದನ್ನು ಎತ್ತಿದ್ದಿಲ್ಲ, ಅದರ ಮುಂದೆ ನಿಂತಿರುತ್ತಿದ್ದೆ.

ಮೊದಲು ಹೋದದ್ದು ನಮ್ಮ ಪೆಂಡಾಲಿಗೆ ಸೌಂಡ್ಸ್ ಹಾಕುವ ಅಣ್ಣನ ಹತ್ತಿರ. ರಿಂಗ್ ರಸ್ತೆಯ ಕಡೆ ಅವರದೊಂದು ಗೋಡೌನ್ ಇದೆ. ಮದುವೆ, ಜಾತ್ರೆ, ರಾಜಕೀಯ, ಆರ್ಕೆಸ್ಟ್ರಾ ಎಲ್ಲಕ್ಕೂ ಅವರದೇ ಸೌಂಡು. ನಾನು ಬರೆದುಕೊಂಡು ಹೋಗಿದ್ದ ಚೀಟಿ ತೆಗೆದೆ. “ಅಣ್ಣ, 300 ವಾಟ್ಸ್ ಸಾಕಾ, 500 ಬೇಕಾ?”

“ವಾಟ್ಸ್ ಕೇಳಬೇಡಿ ಮೇಡಂ. ವಾಟ್ಸ್ ಡಬ್ಬದ ಮೇಲೆ ಬರೆಯೋಕೆ. ಎಷ್ಟು ಓಮಿಗೆ ಅಷ್ಟು ವಾಟ್ಸ್ ಅಂತ ಕೇಳಿ.”

ಅವರು ಹೇಳಿಕೊಟ್ಟದ್ದನ್ನು ಆಮೇಲೆ ನಾನೂ ಲೆಕ್ಕ ಹಾಕಿ ನೋಡಿದೆ, ಸರಿಯಾಗಿತ್ತು. ಹೆಡ್ ಎಂದು ಕರೆಯುವ ಆಂಪ್ಲಿಫೈಯರಿನ ಮೇಲೆ 500 ವಾಟ್ಸ್ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ 4 ಓಮಿಗೆ. ನಾವು ಕೊಳ್ಳುವ ಒಂಟಿ ಕ್ಯಾಬಿನೆಟ್ಟು ಬಹುತೇಕ 8 ಓಮಿನದು. ಅದಕ್ಕೆ ಸಿಗುವುದು 300ರ ಆಸುಪಾಸು. ಅಂಥದ್ದೇ ಇನ್ನೊಂದು ಕ್ಯಾಬಿನೆಟ್ಟು ಜೋಡಿಸಿದಾಗ ಎರಡೂ ಸೇರಿ 4 ಓಮ್ ಆಗಿ ಪೂರ್ತಿ 500 ಬರುತ್ತದೆ. ಮೂರನೆಯದು ಸೇರಿಸಿದರೆ ಓಮು ಮೂರಕ್ಕಿಂತ ಕೆಳಗಿಳಿದು, ಹೆಡ್ಡು ತನಗೆ ತಾಳಲಾರದಷ್ಟು ಕರೆಂಟು ಕೊಡಲು ಹೋಗಿ, ಅಣ್ಣನ ಮಾತಿನಲ್ಲಿ ಹೇಳುವುದಾದರೆ, “ಊದುಬತ್ತಿ ಹಚ್ಚುತ್ತದೆ”.

ಇನ್ನು 300ಕ್ಕೂ 500ಕ್ಕೂ ಕಿವಿಗೆ ಎಷ್ಟು ವ್ಯತ್ಯಾಸ? ಸುಮಾರು 2 ಡೆಸಿಬೆಲ್. ಗಮನವಿಟ್ಟು ಕೇಳಿದರೆ ಗೊತ್ತಾಗುವಷ್ಟು. ಶಕ್ತಿ ಎರಡರಷ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ. ಸದ್ದು ಎರಡರಷ್ಟಾಯಿತು ಅಂತ ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತರಷ್ಟು ಶಕ್ತಿ ಬೇಕು. ಅದರ ಬದಲು ಒಂದು ವಾಟ್ಸಿಗೆ 97 ಡೆಸಿಬೆಲ್ ಕೊಡುವ ಕ್ಯಾಬಿನೆಟ್ಟು ಬಿಟ್ಟು 100 ಕೊಡುವುದನ್ನು ಆರಿಸಿಕೊಂಡರೆ ಹೆಡ್ಡಿನ ಶಕ್ತಿಯನ್ನು ಎರಡರಷ್ಟು ಮಾಡಿದ ಫಲ ಬಿಟ್ಟಿ ಸಿಗುತ್ತದೆ. ಅಂಗಡಿಗಳಲ್ಲಿ ವಾಟ್ಸ್ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ, ಈ ಸಂಖ್ಯೆಯನ್ನು ಹುಡುಕಬೇಕು.

ಹೊರಡುವಾಗ ಅಣ್ಣ ಹಿಂದಿನಿಂದ ಕೂಗಿದರು: “ಹೆಡ್ಡಿಂದ ಕ್ಯಾಬಿಗೆ ಗಿಟಾರ್ ವೈರ್ ಹಾಕಬೇಡಿ ಮತ್ತೆ. ಪಂಪ್‌ಸೆಟ್ಟಿಗೆ ಬೆಲ್ ವೈರ್ ಎಳೀತಾರಾ ಯಾರಾದ್ರೂ?”

ಬೆಂಗಳೂರಿನಲ್ಲಿ ಒಬ್ಬರು ಹಳೆಯ ಸಾಮಾನು ಮಾರುತ್ತಿದ್ದರು. ಹತ್ತಿಂಚಿನ ನಾಲ್ಕು ಸ್ಪೀಕರುಗಳ ಕ್ಯಾಬಿನೆಟ್ಟು, ಅದರ ಮೇಲೊಂದು ಭಾರೀ ಹೆಡ್ಡು. ಎರಡೂ ಸೇರಿ ನನ್ನ ಬಜೆಟ್ಟಿನೊಳಗೇ. ಎಲ್ಲಿರೋದು ಅಂತ ಕೇಳಿದರು, ಹೆಬ್ಬಾಳ ಅಂದೆ. “ಓ, ಹತ್ತಿರವೇ ಆಯಿತಲ್ಲ, ಫ್ಲೈಓವರ್ ದಾಟಿ ಬನ್ನಿ, ಹತ್ತು ನಿಮಿಷ” ಅಂದರು. ಬೆಂಗಳೂರಿಗೂ ಒಂದು ಹೆಬ್ಬಾಳ ಇರುವುದರಿಂದ ನಮ್ಮ ಹೆಬ್ಬಾಳದವರು ಜೀವಮಾನವಿಡೀ ಹೇಳಿಕೊಳ್ಳುವ ವಿವರಣೆಯನ್ನು ನಾನೂ ಹೇಳಿದೆ. ಹತ್ತು ನಿಮಿಷದ ದಾರಿಗೆ ಮೂರೂವರೆ ಗಂಟೆ ಹಿಡಿಯಿತು.

ಅವರ ಕೋಣೆಯಲ್ಲಿ ಆ ಸಾಮಾನಿಗೆ ಬೇಸ್ ಸಿಕ್ಕಿಸಿ ಕೆಳಗಿನ ತಂತಿ ಮೀಟಿದ ಕ್ಷಣವನ್ನು ಹೇಗೆ ಹೇಳಲಿ? ಅಂಗಾಲಿನಿಂದ ಸ್ವರ ಏರಿ ಬಂತು. ಕಪಾಟಿನ ಗಾಜು ಗುನುಗಿತು. ಮನಸ್ಸು ಅಲ್ಲೇ ದುಡ್ಡು ಎಣಿಸಿಬಿಟ್ಟಿತ್ತು. ಆದರೂ ಒಂದು ದಿನ ಟೈಮ್ ಕೊಡಿ ಅಂತ ಹೇಳಿ ಬಂದೆ. ಬರುವಾಗ ರೈಲಿನಲ್ಲಿ ಸ್ವಲ್ಪ ವಿವೇಕ ಮೂಡಿತು. 41 ಹರ್ಟ್ಸಿನ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಅಷ್ಟುದ್ದದ ಅಲೆ ಗೋಡೆಗೆ ಬಡಿದು ತಿರುಗಿ ಬಂದು ತನ್ನ ಮೇಲೆ ತಾನೇ ಕೂತುಕೊಳ್ಳುತ್ತದೆ. ಒಂದು ಮೂಲೆಯಲ್ಲಿ ಗುಡುಗು, ಇನ್ನೊಂದು ಕಡೆ ಏನೂ ಇಲ್ಲ. ನಾನು ಮೆಚ್ಚಿದ್ದರಲ್ಲಿ ಅರ್ಧ ಆ ಕೋಣೆಯದು. ಬಯಲಿನ ಪೆಂಡಾಲಿನಲ್ಲಿ ಗೋಡೆ ಎಲ್ಲಿ? ಅಲ್ಲಿ ಕೆಳಗಿನ ಸ್ವರ ಹೋದದ್ದು ಹೋಗಿಯೇಬಿಡುತ್ತದೆ. ಕೋಣೆಯಲ್ಲಿ ಒರಟಾಗಿ, ಮೂಗಿನಿಂದ ಮಾತಾಡಿದ ಹಾಗೆ ಕೇಳುವ ನಡುವಿನ ಸ್ವರಗಳೇ ಡ್ರಮ್ಸ್ ಗಿಟಾರುಗಳ ನಡುವೆ ಬೇಸನ್ನು ಕೈ ಹಿಡಿದು ದಾಟಿಸುವುದು. ಒಬ್ಬಳೇ ಕೂತು ಕೇಳಿ ಆಂಪ್ಲಿಫೈಯರ್ ಆರಿಸುವುದು, ಮದುವೆ ಮನೆಯ ಅಡುಗೆಯನ್ನು ಒಂದು ಚಮಚ ಸಾಸಿವೆ ಬಾಯಿಗೆ ಹಾಕಿಕೊಂಡು ತೀರ್ಮಾನಿಸಿದ ಹಾಗೆ.

ಮನೆಗೆ ಬಂದು ಅಪ್ಪನಿಗೆ ಫೋಟೊ ತೋರಿಸಿದೆ. ಅವರು ಬೆಲೆ ಕೇಳಲಿಲ್ಲ, ಕಂಪನಿ ಕೇಳಲಿಲ್ಲ.

“ಎಷ್ಟು ತೂಕ?”

“ಕ್ಯಾಬಿನೆಟ್ಟೇ ನಲವತ್ತು ಕಿಲೋ ಹತ್ತಿರ. ಹೆಡ್ಡು ಬೇರೆ.”

“ಎತ್ತೋರು ಯಾರು?”

ನಾನು ಸುಮ್ಮನಿದ್ದೆ. ನಮ್ಮದು ಮೊದಲನೇ ಮಹಡಿ, ಮೆಟ್ಟಿಲು ಕಿರಿದು. ಅಪ್ಪ ಪ್ರೆಸ್ ಶಾಪಿನ ಮಾತು ತೆಗೆದರು. ಜಪಾನಿನದೋ ಎಲ್ಲಿಯದೋ ಒಂದು ಡೈ ಬಂದಿತ್ತಂತೆ, ಅಷ್ಟು ಚೊಕ್ಕವಾಗಿ ಇನ್ಯಾವ ಡೈಯೂ ಕತ್ತರಿಸುತ್ತಿರಲಿಲ್ಲವಂತೆ. ಆದರೆ ಅದನ್ನು ಏರಿಸಲು ನಾಲ್ಕು ಜನ, ಒಂದು ಚೈನ್ ಬ್ಲಾಕು ಬೇಕು. “ಆರು ತಿಂಗಳಾದ ಮೇಲೆ ಯಾರೂ ಅದನ್ನ ಮುಟ್ಟುತ್ತಾ ಇರಲಿಲ್ಲ. ಹಳೇ ಡೈನಲ್ಲೇ ಓಡಿಸ್ತಾ ಇದ್ವಿ” ಅಂದರು.

ನಾನು ವಾದ ಮಾಡಿದೆ. ಹುಡುಗರು ಇದ್ದಾರೆ, ಎತ್ತುತ್ತಾರೆ ಅಂದೆ. ಹೇಳುವಾಗಲೇ ಅದು ಸುಳ್ಳು ಅಂತ ಗೊತ್ತಿತ್ತು. ಕಾರ್ಯಕ್ರಮಕ್ಕೆ ಮುಂಚೆ ಎತ್ತಲು ಎಲ್ಲರೂ ಇರುತ್ತಾರೆ, ಮುಗಿದ ಮೇಲೆ ಎಲ್ಲರಿಗೂ ಬೆಳಿಗ್ಗೆ ಕೆಲಸ ಇರುತ್ತದೆ. ಜೊತೆಗೆ, ನಾಲ್ಕು ಜನ ಗಂಡಸರು ‘ಬಿಡಿ ಮೇಡಂ ನಾವು ಎತ್ತುತ್ತೀವಿ’ ಅಂತ ನನ್ನ ವಾದ್ಯದ ಸುತ್ತ ನಿಲ್ಲುವುದು ನನಗೆ ಇಷ್ಟವಿಲ್ಲ. ನಾನು ನುಡಿಸುವುದನ್ನು ನಾನೇ ಹೊತ್ತು ತರಬೇಕು. ಇದನ್ನು ಹಟ ಅಂದರೂ ಸರಿ.

ಬೆಂಗಳೂರಿನವರಿಗೆ ಬೇಡ ಅಂತ ಮೆಸೇಜು ಹಾಕಿದೆ. ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ.

ನನ್ನ ಪಿಎಚ್.ಡಿ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರ ಬಗ್ಗೆ. ಆ ತಿಂಗಳು ಕ್ಷೇತ್ರಕಾರ್ಯದಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಬರಹಕ್ಕಿಳಿಸುತ್ತಿದ್ದೆ. ಚಿಕ್ಕಲ್ಲೂರು ಜಾತ್ರೆಯ ಸಮಯದಲ್ಲಿ ಒಬ್ಬ ಹಿರಿಯ ಕಲಾವಿದರ ಜೊತೆ ಮಾತಾಡಿದ ಮುದ್ರಣ ಅದರಲ್ಲಿತ್ತು. ರಾತ್ರಿಯಿಡೀ ಹಾಡುವವರು. ಹೆಗಲ ಮೇಲೆ ತಂಬೂರಿ. ಅದರ ಬುರುಡೆ ಅವರ ಮೈಗೆ ಒತ್ತಿಕೊಂಡೇ ಇರುತ್ತದೆ. ಮುದ್ರಣದಲ್ಲಿ ನಾನು ವಿದ್ವತ್ತಿನ ದನಿಯಲ್ಲಿ ಕೇಳುತ್ತೇನೆ: “ತಾತ, ಗಗ್ಗರ, ತಾಳ, ಮೇಳದವರ ದನಿ ಇಷ್ಟೆಲ್ಲ ಇರುವಾಗ ತಂಬೂರಿ ಜನಕ್ಕೆ ಕೇಳುತ್ತಾ?”

“ಜನಕ್ಯಾಕವ್ವ? ಅದು ನಂಗೆ ಕೇಳಕ್ಕೆ. ನಂಗೆ ಅದು ಕೇಳುದ್ರೆ, ಜನಕ್ಕೆ ನಾನು ಕೇಳ್ತೀನಿ.”

ಎರಡು ವರ್ಷದ ಹಿಂದೆ ಈ ಉತ್ತರಕ್ಕೆ ನಾನು ‘ಹ್ಞೂಂ’ ಅಂತ ಹೇಳಿ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಈ ಸಲ ಮುದ್ರಣ ನಿಲ್ಲಿಸಿ ಎದ್ದು ಕೂತೆ. ಪೆಂಡಾಲಿನ ಜನಕ್ಕೆ ಕೇಳಿಸುವುದು ನನ್ನ ಆಂಪ್ಲಿಫೈಯರಿನ ಕೆಲಸವೇ ಅಲ್ಲ. ಅದಕ್ಕೆ ಅಣ್ಣನ ಗೋಡೌನಿನಲ್ಲಿ ಹದಿನೆಂಟಿಂಚಿನ ಸ್ಪೀಕರುಗಳಿವೆ. ಹೆಡ್ಡಿನ ಹಿಂದೆ ‘ಡಿಐ’ ಎಂಬ ಒಂದು ತೂತಿರುತ್ತದೆ, ಅಲ್ಲಿಂದ ಒಂದು ಮೈಕ್ ವೈರನ್ನು ಅವರ ಮಿಕ್ಸರಿಗೆ ಕೊಟ್ಟರೆ ನನ್ನ ಸ್ವರ ಊರಿಗೆಲ್ಲ ಹೋಗುತ್ತದೆ. ವೇದಿಕೆಯ ಮೇಲಿನ ಪೆಟ್ಟಿಗೆ ನನಗೆ, ಡ್ರಮ್ಸಿನವಳಿಗೆ ಕೇಳಿದರೆ ಸಾಕು. ಅಷ್ಟಕ್ಕೆ ಫ್ರಿಜ್ ಯಾಕೆ?

ಅಮ್ಮನ ಮಾತಿಗೂ ಉತ್ತರ ಅಲ್ಲೇ ಇತ್ತು. ವೇದಿಕೆಯ ಮೇಲೆ ಎಲ್ಲರೂ ಸದ್ದು ಏರಿಸುವುದು ತಮಗೆ ತಾವು ಕೇಳದೇ ಇರುವುದರಿಂದ. ಪೆಟ್ಟಿಗೆ ನೆಲದ ಮೇಲಿದ್ದರೆ ಅದರ ನಡುವಿನ ಸ್ವರಗಳೆಲ್ಲ ನನ್ನ ಮೊಣಕಾಲಿಗೆ ಹೋಗುತ್ತವೆ. ಮೊಣಕಾಲಿಗೆ ಕಿವಿ ಇಲ್ಲ. ನಾನು ಏರಿಸುತ್ತೇನೆ, ಗಿಟಾರಿನವನು ಏರಿಸುತ್ತಾನೆ, ಡ್ರಮ್ಸಿನವಳು ಇನ್ನೂ ಜೋರಾಗಿ ಬಾರಿಸುತ್ತಾಳೆ. ಅದೇ ಪೆಟ್ಟಿಗೆಯನ್ನು ಒಂದು ಕುರ್ಚಿಯ ಮೇಲಿಟ್ಟು ಮುಖವನ್ನು ಸ್ವಲ್ಪ ಮೇಲಕ್ಕೆ ಮಾಡಿದರೆ ಅರ್ಧ ಸದ್ದಿನಲ್ಲಿ ಎಲ್ಲ ಕೇಳುತ್ತದೆ. ನನಗೆ ಬೇಕಾದದ್ದು ಕುರ್ಚಿ ಏರುವಷ್ಟು ಹಗುರವಾದ ಕ್ಯಾಬಿನೆಟ್ಟು.

ಆಮೇಲೆ ಆರಿಸುವುದು ಬೇಗ ಆಯಿತು. ಹನ್ನೆರಡು ಇಂಚಿನ ಒಂದೇ ಸ್ಪೀಕರಿನ ಕ್ಯಾಬಿನೆಟ್ಟು, 8 ಓಮ್. ಮಾಮೂಲಿ ಆಯಸ್ಕಾಂತದ ಬದಲು ನಿಯೋಡಿಮಿಯಂ ಇರುವುದರಿಂದ ಹದಿನೈದು ಕಿಲೋ. ಹೆಡ್ಡು ‘ಕ್ಲಾಸ್ ಡಿ’ ಎನ್ನುವ ಬಗೆಯದು. ಈ ಬಗೆಯಲ್ಲಿ ಶಕ್ತಿ ಶಾಖವಾಗಿ ಪೋಲಾಗುವುದು ಕಡಿಮೆ, ಹಾಗಾಗಿ ದೊಡ್ಡ ಟ್ರಾನ್ಸ್‌ಫಾರ್ಮರೂ ಬೇಡ, ಅಲ್ಯೂಮಿನಿಯಂನ ದೊಡ್ಡ ರೆಕ್ಕೆಗಳೂ ಬೇಡ. ಮೂರು ಕಿಲೋ, ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಹಿಡಿಯಿತು. ಕಂಪನಿ ಹೆಸರು ಹೇಳಿದರೆ ಜಾಹೀರಾತಾಗುತ್ತದೆ, ಬೇಡ. ಎರಡೂ ಸೆಕೆಂಡ್ ಹ್ಯಾಂಡ್, 41,000 ರೂಪಾಯಿ. ಸಂಜೆಯ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಕ್ಯಾಬಿನೆಟ್ಟನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಬಂದೆ. ಮಂಡ್ಯದವರೆಗೆ ಒಂದು ಮಗು ಅದರ ಮೇಲೆಯೇ ಕೂತಿತ್ತು.

ನಷ್ಟವಾಗಲಿಲ್ಲ ಅಂತ ಹೇಳಲಾರೆ. ಬೆಂಗಳೂರಿನ ಆ ಕೋಣೆಯಲ್ಲಿ ಅಂಗಾಲಿನಿಂದ ಏರಿ ಬಂದದ್ದು ಇದರಲ್ಲಿ ಬರುವುದಿಲ್ಲ. ಕ್ಯಾಬಿನೆಟ್ಟಿನ ಮುಂದೆ ಗಾಳಿಗೆ ಅಂತ ಒಂದು ತೂತಿದೆ. ಅದನ್ನು ಶ್ರುತಿ ಮಾಡಿರುವ ಸ್ವರಕ್ಕಿಂತ ಕೆಳಗೆ ಹೋದರೆ ಕೋನಿಗೆ ಒಳಗಿನ ಗಾಳಿಯ ಹಿಡಿತ ತಪ್ಪಿ ಅದು ಸುಮ್ಮನೆ ಅಲ್ಲಾಡುತ್ತದೆ. “ಲೋಡ್ ಇಲ್ಲದೆ ಮೋಟಾರ್ ಓಡಿಸಿದ ಹಾಗೆ, ಹಾಳಾಗೋದೇ ಹಂಗೆ” ಅಂದರು ಅಪ್ಪ. ಆದ್ದರಿಂದ ತೀರಾ ಕೆಳಗಿನದನ್ನು ನಾನೇ ಒಂದಿಷ್ಟು ಕತ್ತರಿಸಿ ನುಡಿಸುತ್ತೇನೆ.

ತಂದ ರಾತ್ರಿ ಮನೆಯಲ್ಲಿ ಮೆಲ್ಲಗೆ ಹಚ್ಚಿದೆ. ಅಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡರು. ಬೆರಳು ಬಿಸಿ ಮಾಡಲಿಕ್ಕೆ ಅಂತ ‘ಗೀತಾ’ ಚಿತ್ರದ ಒಂದು ಹಾಡಿನ ಬೇಸ್ ನುಡಿಸುತ್ತಿದ್ದೆ. 1981ರ ಶಂಕರ್‌ನಾಗ್ ಚಿತ್ರ, ಇಳಯರಾಜ ಸಂಗೀತ. ಅವರ ಬೇಸ್ ಹಾಡಿನ ಕೆಳಗೆ ಇನ್ನೊಂದು ಹಾಡಿನ ಹಾಗೆ ನಡೆಯುತ್ತದೆ. ಕನ್ನಡದಲ್ಲಿ ಬೇಸ್ ಕಲಿಯುವ ಯಾರೂ ‘ಗೀತಾ’, ‘ಪಲ್ಲವಿ ಅನುಪಲ್ಲವಿ’ಗಳನ್ನು ದಾಟದೆ ಮುಂದೆ ಹೋಗುವುದಿಲ್ಲ. ರಾಗ ಇಲ್ಲ, ಮಾತಿಲ್ಲ, ತಾಳವಿಲ್ಲ. ಬರೀ ಕೆಳಗಿನ ನಾಲ್ಕು ತಂತಿ.

ಒಳಗಿನ ಕೋಣೆಯಿಂದ ಅಪ್ಪನ ದನಿ ಬಂತು. “ಗೀತಾ ಪಿಕ್ಚರ್‌ದಲ್ವಾ?”

ಅಪ್ಪ ಹೈಸ್ಕೂಲಿನಲ್ಲಿದ್ದಾಗ ಅದನ್ನು ಮೂರು ಸಲ ನೋಡಿದ್ದರಂತೆ. ಎದ್ದು ಬಂದು ಬಾಗಿಲಿಗೆ ಒರಗಿ ನಿಂತರು. ನಾನು ಪೂರ್ತಿ ನುಡಿಸಿದೆ. ಮಧ್ಯೆ ಒಂದು ಕಡೆ ತಪ್ಪಿದೆ. “ಅಲ್ಲಿ ಹಂಗಲ್ಲ” ಅಂದರು. ಟಿವಿಯಲ್ಲಿ ವಾರ್ತೆ ಓದುವವರು ಏನು ಹೇಳುತ್ತಾರೆ ಅಂತ ನನ್ನನ್ನು ಕೇಳಿ ತಿಳಿದುಕೊಳ್ಳುವ ಮನುಷ್ಯ.

ಮುಂದಿನ ಕಾರ್ಯಕ್ರಮ ಬಂದದ್ದು ರಾಜ್ಯೋತ್ಸವಕ್ಕೆ, ಅದೇ ಬೀದಿ. ಮಧ್ಯಾಹ್ನ ಸಿಕ್ಕಿಸಿ ಆನ್ ಮಾಡಿದ ಕೂಡಲೇ ಪೆಟ್ಟಿಗೆ ಗುಂಯ್ ಅನ್ನಲು ಶುರು ಮಾಡಿತು. ನಮ್ಮ ಕರೆಂಟು 50 ಹರ್ಟ್ಸಿನದು. ನನ್ನ ಕೆಳಗಿನ ತಂತಿಯ ಮೂರನೇ ಮನೆಯ ಸ್ವರ 49. ಅಂದರೆ ಎಲೆಕ್ಟ್ರಿಕ್ ಕಂಬದಲ್ಲಿ ಹಗಲೂ ರಾತ್ರಿ ಹರಿಯುತ್ತಿರುವುದು ನಾನು ದಿನಾ ಮೀಟುವ ಸ್ವರವೇ, ಚೂರು ಶ್ರುತಿ ತಪ್ಪಿದ್ದು. ಅಣ್ಣ ಬಂದು ಅರ್ಥಿಂಗ್ ನೋಡಿದರು. ಪೆಂಡಾಲಿನ ಬೋರ್ಡಿನಲ್ಲಿ ಮೂರನೇ ಪಿನ್ನಿಗೆ ವೈರೇ ಇರಲಿಲ್ಲ. “ಇದು ಬರೀ ಸದ್ದಲ್ಲ ಮೇಡಂ, ಹಾಡೋ ಹುಡುಗನ ತುಟಿ ಮೈಕಿಗೆ ತಾಗಿದ್ರೆ ಗೊತ್ತಾಗ್ತಿತ್ತು” ಅಂದರು. ಅರ್ಥ್ ಕೊಟ್ಟ ಮೇಲೆ ಗುಂಯ್ ನಿಂತಿತು. ಡಿಐ ವೈರು ಎಳೆದುಕೊಂಡು ಹೋದರು.

ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟೆ. ಕಿವಿಗೆ ಪ್ಲಗ್ ಹಾಕಿಕೊಂಡೆ, ಡ್ರಮ್ಸಿನವಳಿಗೂ ಹಾಕಿಸಿದೆ. ಸದ್ದಿನ ತಿರುಗುಣಿ ಗಡಿಯಾರದ ಹತ್ತು ಗಂಟೆಯ ಜಾಗ ದಾಟಲಿಲ್ಲ. ಮೂರನೇ ಹಾಡಿಗೆ ಗಿಟಾರಿನವನು ತಿರುಗಿ ನೋಡಿ ತನ್ನದನ್ನು ಕಡಿಮೆ ಮಾಡಿದ. ಮೂರು ವರ್ಷದಲ್ಲಿ ಅವನು ಹಾಗೆ ಮಾಡಿದ್ದು ಅದೇ ಮೊದಲು.

ನಮ್ಮೂರಿನವರೇ ಆದ ರಘು ದೀಕ್ಷಿತ್ ಲುಂಗಿ ಉಟ್ಟು ಶರೀಫರನ್ನು ಹಾಡುವುದು ಎಲ್ಲರ ಕಣ್ಣಲ್ಲಿದೆ. ಆ ತಂಡದಲ್ಲಿ ಬೇಸ್ ನುಡಿಸುತ್ತಿದ್ದ ಗೌರವ್ ವಾಜ್ ಹೆಸರು ಎಷ್ಟು ಜನಕ್ಕೆ ಗೊತ್ತು? ‘ಸ್ವರಾತ್ಮ’ದ ಜಿಷ್ಣು ದಾಸ್‌ಗುಪ್ತ? ನಮ್ಮ ಪೆಂಡಾಲಿನಲ್ಲೂ ಅವತ್ತು ಕೈಕುಲುಕಿದವರೆಲ್ಲ ಹಾಡಿದವನ ಕೈಯನ್ನೇ ಕುಲುಕಿದರು. ಒಬ್ಬರು ನನ್ನ ಹತ್ತಿರ ಬಂದು “ಇವತ್ತು ಏನೋ ತುಂಬಿದ ಹಾಗಿತ್ತು” ಅಂದರು. ಏನು ಅಂತ ಅವರಿಗೆ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ.

ರಾತ್ರಿ ಹತ್ತಕ್ಕೆ ಮೈಕು ನಿಲ್ಲಬೇಕು, ನಿಲ್ಲಿಸಿದೆವು. ಹುಡುಗರು ಡ್ರಮ್ಸ್ ಬಿಚ್ಚುತ್ತಿದ್ದರು. ನಾನು ಹೆಡ್ಡನ್ನು ಬೆನ್ನಿಗೆ ಹಾಕಿಕೊಂಡು, ಕ್ಯಾಬಿನೆಟ್ಟನ್ನು ಒಂದು ಕೈಯಲ್ಲಿ ಹಿಡಿದು ಕೆಳಗಿಳಿದೆ. ಅಪ್ಪ ಪೆಂಡಾಲಿನ ಹಿಂದೆ ಇರಲಿಲ್ಲ. ವೇದಿಕೆಯ ಎಡಗಡೆ, ನನ್ನ ಕುರ್ಚಿಯಿಂದ ಎರಡು ಮಾರು ದೂರದಲ್ಲಿ ನಿಂತಿದ್ದರು.

“ಕೇಳುಸ್ತಾ ಅಪ್ಪ?”

ಅವರಿಗೆ ನನ್ನ ಪ್ರಶ್ನೆ ಕೇಳಿಸಲಿಲ್ಲ. ಕ್ಯಾಬಿನೆಟ್ಟಿನ ಹಿಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತೂಕ ನೋಡಿದರು, ಮತ್ತೆ ನನ್ನ ಕೈಗೇ ಕೊಟ್ಟರು.

ಈಗ ಅದು ಆ್ಯಕ್ಟಿವಾದ ಕಾಲಿಡುವ ಜಾಗದಲ್ಲಿ ಓಡಾಡುತ್ತದೆ. ಅಲ್ಲಿ ಅದು ಕೂತರೆ ನನ್ನ ಮೊಣಕಾಲು ಎರಡೂ ಹೊರಗೆ. ಹೋದ ಭಾನುವಾರ ಅಪ್ಪ ಹಳೆಯದೊಂದು ದಪ್ಪ ರಬ್ಬರ್ ಶೀಟು ತಂದು, ಕ್ಯಾಬಿನೆಟ್ಟಿನ ತಳದ ಅಳತೆಗೆ ಕತ್ತರಿಸಿ ಅಲ್ಲಿ ಹಾಸಿದರು. ಇನ್ನೊಂದು ತುಂಡು ಉಳಿಯಿತು, ಅದೂ ಅದೇ ಅಳತೆಯದು. ಇದು ಯಾಕೆ ಅಂತ ಕೇಳಿದೆ.

“ಇನ್ನೊಂದು ತಗೊಂಡ್ರೆ ನಾಲ್ಕು ಓಮ್ ಆಗುತ್ತೆ ಅಂದಿದ್ಯಲ್ಲ” ಅಂದರು.